ಆರುನೂರು ಗ್ರಾಂ

ಸ್ಕೂಟರಿನ ಕಾಲಸಂದಿಯಲ್ಲಿ ನಿಲ್ಲಿಸಿಕೊಂಡು
ಮಲ್ಪೆಯಿಂದ ಬೈಕಂಪಾಡಿಯ ನಮ್ಮ ಶೆಡ್ಡಿಗೆ ತಂದಿದ್ದ
ದೂಮಪ್ಪ ಮೆಂಡನ್:
ಹಳದಿ ಬಣ್ಣ ಎದ್ದುಹೋದ, ಮುಳುಗುವವರ ಸಿಲಿಂಡರು.
ರೂಢಿಯಂತೆ ಮೊದಲು ತೂಗಿದೆ. ಹದಿನೈದು ಕಿಲೋ ಇನ್ನೂರು.

"ಗಾಳಿ ತುಂಬಿಸಿ ಕೊಡಿ ಬಾಯಮ್ಮ.
ಬೋಟಿನ ಫ್ಯಾನಿಗೆ ಬಲೆ ಸುತ್ತಿದರೆ
ಬಿಡಿಸಲು ಇಳಿಯುವವ ನಾನೇ.
ಟಯರ್ ಅಂಗಡಿಯ ಕಂಪ್ರೆಸರಿನ ಪೈಪು
ಕಚ್ಚಿ ಕಚ್ಚಿ ಸಾಕಾಯ್ತು."

ಕುತ್ತಿಗೆಯ ಅಚ್ಚನ್ನು ಬೆರಳಿನಿಂದ ಓದಿದೆ.
ಹುಟ್ಟಿದ್ದು ಇಟಲಿ.
ಪರೀಕ್ಷೆ ಎರಡು ಸಲ, ಬಹ್ರೈನಿನಲ್ಲಿ.
ಆಮೇಲೆ ಹನ್ನೊಂದು ವರ್ಷ
ಬರೀ ಉಕ್ಕು.

ನಾಗಪುರದ ಒಪ್ಪಿಗೆ ಪತ್ರ ಉಂಟಾ?
ಯಾರು ಮಾಡಿದ್ದು, ಎಂಥ ಉಕ್ಕು,
ಯಾರು ಕಣ್ಣಾರೆ ನೋಡಿ ಸಹಿ ಹಾಕಿದ್ದು—
ಹೊರದೇಶದ್ದಕ್ಕೆ ಅದಿಲ್ಲದೆ ಪರೀಕ್ಷೆ ಇಲ್ಲ,
ಪರೀಕ್ಷೆ ಇಲ್ಲದೆ ಗಾಳಿ ಇಲ್ಲ.

"ಹದಿನೆಂಟು ವರ್ಷ ಹಡಗಿನ ಹೊಟ್ಟೆ ಕೆರೆದೆ ಅಲ್ಲಿ.
ನನ್ನ ಪಾಸ್‌ಪೋರ್ಟೇ ಅರಬನ ಕಪಾಟಿನಲ್ಲಿತ್ತು.
ಇದರದ್ದು ಎಲ್ಲಿಂದ ತರುವುದು ಮಾರಾಯ್ರೆ?"

ವಿವರಿಸಿದೆ. ಪತ್ರ ಬಂದರೆ
ನೀರು ತುಂಬಿ ಒತ್ತುತ್ತೇವೆ. ಉಕ್ಕು ಉಬ್ಬುತ್ತದೆ.
ಉಬ್ಬುವುದು ತಪ್ಪಲ್ಲ.
ಒತ್ತಡ ಇಳಿದ ಮೇಲೆ ತನ್ನ ಅಳತೆಗೆ
ಮರಳುತ್ತದಾ, ಅಷ್ಟೇ ನೋಡುವುದು.
ನೂರು ಉಬ್ಬಿ ಹತ್ತು ಉಳಿದರೆ ಮಾಫಿ ಉಂಟು,
ಹನ್ನೊಂದಕ್ಕೆ ಇಲ್ಲ.

ಬಲಗಿವಿ ನನ್ನತ್ತ ತಿರುಗಿಸಿದ:
"ಇನ್ನೊಮ್ಮೆ ಹೇಳಿ. ಎಡದ್ದು
ನೀರಿನ ಒತ್ತಡಕ್ಕೆ ಹೋಗಿದೆ."

ಇನ್ನೊಮ್ಮೆ ಹೇಳಲಿಲ್ಲ.
ಗೋಡೆಯ ಮೇಲೆ ಹೊಸ ಶೀಟು ತೋರಿಸಿದೆ.
ಹಳೆಯದು ಒಂದು ಮಧ್ಯಾಹ್ನ ಹಾರಿ
ಪಕ್ಕದ ಮೀನುಹುಡಿ ಕಾರ್ಖಾನೆಯ ಅಂಗಳದಲ್ಲಿ ಬಿದ್ದಿತ್ತು.
ಲಿಗೋರಿಯ ಎರಡು ಬೆರಳು ಸಿಕ್ಕಿದ್ದು ಮಾರನೆ ದಿನ.
ನಿಯಮದ ಪುಸ್ತಕದಲ್ಲಿ ಬೆರಳಿನ ಸುದ್ದಿಯೇ ಇಲ್ಲ.
ನನಗೆ ಮಾತ್ರ ಪ್ರತಿ ಸಾಲಿನ ಅಡಿಯಲ್ಲೂ ಕಾಣುತ್ತದೆ.

"ಒಳಗೆ ಸ್ವಲ್ಪ ಉಂಟು," ಅಂದ ತುಂಬ ಹೊತ್ತಿನ ಮೇಲೆ.
"ಅಲ್ಲಿನದ್ದು. ಕೊನೆಯ ದಿನದ್ದು.
ಖರ್ಚು ಮಾಡಲು ಮನಸ್ಸು ಬರಲಿಲ್ಲ."

ಹಾಗೆ ಇಟ್ಟುಕೊಳ್ಳುವುದು ಒಳ್ಳೆಯದಲ್ಲ, ಅಂದೆ.
ಅವನೇ ತಿರುಗಿಸಿದ, ಕೂದಲೆಳೆಯಷ್ಟು.
ವಾಲ್ವು ತಣ್ಣಗಾಗಿ ಬೆವರಿತು.
ಮುಖ ಹತ್ತಿರ ಒಯ್ದು
ರೆಪ್ಪೆ ಹಾರುವಷ್ಟು ಗಾಳಿಗೆ ಕಣ್ಣು ಮುಚ್ಚಿ ನಿಂತ,
ಮನಾಮದ ಒಂದು ಬೆಳಿಗ್ಗೆ ಮುಗಿಯುವ ತನಕ.
ನನಗೆ ಹಳೆ ರಬ್ಬರಿನ ವಾಸನೆ ಬಂತು, ಅಷ್ಟೇ.

ರಿಜಿಸ್ಟರಿನಲ್ಲಿ ಬರೆದೆ:
ಪರೀಕ್ಷಿಸಿಲ್ಲ. ತುಂಬಿಲ್ಲ. ಕಾರಣ, ಪತ್ರ ಇಲ್ಲ.
ಮತ್ತೆ ತೂಗಿದೆ. ಹದಿನಾಲ್ಕು ಆರುನೂರು.

ಆ ಆರುನೂರು ಗ್ರಾಮಿಗೆ ಕಾಲಂ ಹುಡುಕುತ್ತಿದ್ದಾಗ
ಸುರತ್ಕಲ್ ಕಡೆಗೆ ಸ್ಕೂಟರು ಹೊರಳಿತು.
ಹಿಂದಿನಿಂದ ಟ್ಯಾಂಕರು ಹಾರ್ನ್ ಹೊಡೆಯಿತು, ಎರಡು ಸಲ.
ಯಾವ ಕಿವಿಗೆ ಬಿತ್ತೋ.