ಏಳನೇ ತೂಬಿನ ಸೆಟ್ಟು

ಕೆರಗೋಡಿನಾಚೆ ಏಳನೇ ತೂಬಿನ ಪಕ್ಕ
ತಗಡಿನ ಡಬ್ಬಿಯೊಳಗೊಂದು ರೇಡಿಯೋ.
ಹಾಡಿಲ್ಲ, ವಾರ್ತೆಯಿಲ್ಲ. ಕಾಲುಗಂಟೆಗೊಮ್ಮೆ
ನಾಲೆಯ ಮಟ್ಟವನ್ನು ಸೊನ್ನೆ ಒಂದುಗಳಾಗಿ ಪುಡಿಮಾಡಿ
ಮಂಡ್ಯದ ಕಚೇರಿಯತ್ತ ಉಗಿಯುವುದಷ್ಟೇ ಕೆಲಸ.

ಮೂರು ರಾತ್ರಿ ಲೆಕ್ಕ ತಲುಪಲಿಲ್ಲ.
ಆ ಮೂರು ರಾತ್ರಿಯೂ ಕೊನೆಯ ಗದ್ದೆಗಳಿಗೆ ನೀರು ತಲುಪಲಿಲ್ಲ.
ಎರಡನ್ನೂ ಒಂದೇ ದಾರಕ್ಕೆ ಪೋಣಿಸಿ ಯಾರೋ
ನೀರುಗಂಟಿ ಮೊಗಣ್ಣನ ಕೈಗೆ ನೋಟೀಸು ಕೊಟ್ಟರು.
ನಾಲ್ಕು ಮಡಿಕೆ ಮಾಡಿ ಎಲೆಅಡಿಕೆ ಚೀಲದಲ್ಲಿ
ಸುಣ್ಣದ ಡಬ್ಬಿಯ ಕೆಳಗೆ ಇಟ್ಟುಕೊಂಡಿದ್ದಾನೆ.

ಬ್ಯಾಗು ಬಿಚ್ಚಿದೆ. ಮೊದಲು ಆಂಟೆನಾ ಕಳಚಬೇಕು,
ಅದರ ಜಾಗಕ್ಕೆ ಡಮ್ಮಿ ಲೋಡು:
ಹೆಬ್ಬೆರಳಷ್ಟು ಲೋಹ. ಹೇಳಿದ್ದನ್ನೆಲ್ಲ ನುಂಗಿ
ಸುಮ್ಮನೆ ಬೆಚ್ಚಗಾಗುತ್ತದೆ.
"ನಮ್ ಇಂಜಿನಿಯರ್ ಸಾಯೇಬ್ರಂಗೆ" ಅಂದ ಮೊಗಣ್ಣ.
ನಾನು ನಕ್ಕೆ. ಅವನು ನಗಲಿಲ್ಲ.

ಒಳಗಿನ ಹರಳು ಇನ್ನೂರು ಹರ್ಟ್ಜ್ ಜಾರಿತ್ತು.
ದೊಡ್ಡ ಮಾತಲ್ಲ, ತಿದ್ದಿದೆ.

ಆಮೇಲೆ ಸಾವಿರದ ನಲವತ್ತರ ಒಂದೇ ಸ್ವರ ಊದಿಸಿ
ಲ್ಯಾಪ್‌ಟಾಪಿನ ಪರದೆಗೆ ಸೆರಗಿನ ನೆರಳು ಹಿಡಿದೆ.
ನಡುವೆ ಕಂಬದ ಹಾಗೆ ವಾಹಕ,
ಎಡಕ್ಕೆ ಬಲಕ್ಕೆ ಅದರ ಮರಿಗಂಬಗಳು.
ಪ್ಲಾಸ್ಟಿಕ್ ತಿರುಪುಳಿಯಲ್ಲಿ ಕೂದಲೆಳೆಯಷ್ಟು ತಿರುವಿದರೆ
ನಡುಗಂಬ ಕುಗ್ಗಬೇಕು, ಕುಗ್ಗಿ ನೆಲ ಕಚ್ಚಬೇಕು.
ಹೊರುವವನು ಮಾಯ, ಹೊರೆ ಮಾತ್ರ ಆಚೀಚೆ ನಿಂತಿರುವ
ಆ ಒಂದು ಬಿಂದು. ಅದೇ ಹದ.
ಒಂದು ಎಳೆ ಮುಂದೆ ಹೋದರೂ ಕಂಬ ಮತ್ತೆ ಏಳುತ್ತದೆ.

ಇದು ಹದ ದಾಟಿ ಬಲು ದೂರ ಹೋಗಿತ್ತು.

ಅಂದರೆ ದನಿ ಸೋತಿರಲಿಲ್ಲ, ಮಿತಿ ಮೀರಿತ್ತು.
ರಾತ್ರಿಯ ತಂಪಿಗೆ ಹರಳು ಇನ್ನಷ್ಟು ಜಾರಿ
ಕಿರುಚುತ್ತ ಓಡಿದ ಅಂಕಿಗಳು
ತಮ್ಮದೇ ಓಣಿಯ ಗೋಡೆಗೆ ತಗುಲಿ
ಅಂಚು ಮುರಿದುಕೊಂಡು ಬಿದ್ದಿದ್ದವು.
ಕೂಗಿದ್ದಕ್ಕೇ ಕೇಳಿಸಿರಲಿಲ್ಲ.

ಹಿಂದಕ್ಕೆ ತಿರುವಿದೆ. ಕಂಬ ಮುಳುಗಿತು.
ಆಂಟೆನಾ ಹಾಕಿ ಫೋನು ಹಚ್ಚಿದರೆ ಕಚೇರಿಯಿಂದ ಶಾಹೀನಾ:
"ಬಂತು. ಮತ್ತೆ ಬಂತು. ತಪ್ಪು ಸೊನ್ನೆ.
ಇನ್ನು ದಯವಿಟ್ಟು ಮುಟ್ಬೇಡಿ ಮೇಡಂ."

ಮೊಗಣ್ಣ ಪಂಚೆ ಎತ್ತಿಕಟ್ಟಿ ಮೆಟ್ಟಿಲಿಳಿದು
ಬಿದಿರುಗಳ ಅದ್ದಿ ನೋಡಿದ.
"ಎರಡಡಿ ನಾಲ್ಕಂಗುಲ. ನಿಂದು ಏನಂತದೆ?"
ನಂದೂ ಅಷ್ಟೇ ಅಂದಿತು.

ಮುಚ್ಚಳ ಹಾಕುವಾಗ ಕಂಡಿತು ಒಳಬದಿಯ ಚೀಟಿ,
ಹೋದ ಜೂನಿನದು, ಅಂಟು ಒಣಗಿ ಅರ್ಧ ಎದ್ದದ್ದು:
'ದನಿ ಸಾಲದು. ಏರಿಸಲಾಗಿದೆ.'
ಯಾವುದೋ ಮೋಡದ ಸಂಜೆ, ಕೊನೇ ಬಸ್ಸಿನ ಅವಸರ,
ಅಳೆಯದೆ ಕಿವಿಯಂದಾಜಿಗೆ ತಿರುವಿದ್ದು ನೆನಪಾಯಿತು.
ಕೆಳಗಿನ ಸಹಿ ನನ್ನದೇ.

ಮೊಗಣ್ಣನಿಗೆ ಓದಲು ಬರುತ್ತದೆ.
ಓದಿದ. ನಾಲೆಯ ಕಡೆ ತಿರುಗಿ ಉಗಿದ.
ಅದು ಎಲೆಯ ರಸವೋ, ಇನ್ನೇನೋ, ಕೇಳಲಿಲ್ಲ ನಾನು.

ಆ ನೋಟೀಸು ಕೊಡಿ ಇಲ್ಲಿ, ಅಂದೆ.
ಸುಣ್ಣದ ಬಿಳಿ ಉಂಗುರ ಬಿದ್ದಿತ್ತು ಅದರ ಮೇಲೆ.
ಬೆನ್ನಿಗೆ ತಿರುಗಿಸಿ, ತಗಡಿನ ಡಬ್ಬಿಗೆ ಆನಿಸಿ ಬರೆಯತೊಡಗಿದೆ:
'ಏಳನೇ ತೂಬಿನ ಸೆಟ್ಟನ್ನು ಕೆಡಿಸಿದವಳು
ಪಂಕಜಾಕ್ಷಿ, ಕಿರಿಯ ತಂತ್ರಜ್ಞೆ...'

"ಮೆಲ್ಲಗೆ ಒತ್ತು ಕಣವ್ವ" ಅಂದ ಮೊಗಣ್ಣ,
"ಹಾಳೆ ಹರ್ದೋದಾತು."