ಬಾಯಿ ಬಿಟ್ಟರೆ

ಗ್ರೀನಕ್ ಬಂದರಿನ ಶಿಶುವಿಹಾರದಲ್ಲಿ
ಹತ್ತೂಕಾಲಕ್ಕೆ, ಹಾಲು ಕುಡಿದಾದ ಮೇಲೆ
ಇಪ್ಪತ್ತೆರಡು ಬ್ರಶ್ಶು. ಒಂದೊಂದರ ಬೆನ್ನಿಗೂ ಒಂದು ಗುರುತು:
ಲಂಗರು, ಗೂಬೆ, ಅಣಬೆ, ಕಡಲಸಿಂಹ.
ಬಟಾಣಿ ಕಾಳಿನಷ್ಟು ಪೇಸ್ಟು, ಹೆಚ್ಚಿಲ್ಲ.
"ಉಗುಳಿ, ಬಾಯಿ ಮುಕ್ಕಳಿಸಬೇಡಿ" ಅನ್ನುತ್ತೇನೆ
ದಿನಕ್ಕೆ ಇಪ್ಪತ್ತೆರಡು ಸಲ.
ನಿದ್ದೆಯಲ್ಲೂ ಅನ್ನುತ್ತೇನಂತೆ.

ಇವತ್ತು ಬಣ್ಣದ ಗುಳಿಗೆಯ ದಿನ.
ಜಗಿದರೆ ಸಾಕು, ಅಡಗಿ ಕೂತ ಪಾಚಿಯೆಲ್ಲ
ನೇರಳೆಯಾಗಿ ಎದ್ದು ನಿಲ್ಲುತ್ತದೆ
ಹಲ್ಲಿಗೂ ವಸಡಿಗೂ ನಡುವಿನ ಗಡಿಯಲ್ಲಿ,
ದವಡೆಯ ಹಿಂದಿನ ಕತ್ತಲಲ್ಲಿ,
ಉಜ್ಜಿದ್ದೇವೆಂದು ಆಣೆಯಿಟ್ಟ ಜಾಗದಲ್ಲೇ.
ಬಾಯಿ ಬಿಟ್ಟರೆ ಬಣ್ಣಗೇಡು,
ಗಾದೆಯಲ್ಲ, ಕಣ್ಣೆದುರಿಗೆ.

ಮೂಲೆಯ ಕುರ್ಚಿಯಲ್ಲಿ ನನ್ನ ಅಜ್ಜಿ ಸೆಂಗಾ.
ಮನೆಯಲ್ಲಿ ಬಾಯ್ಲರ್ ಕೆಟ್ಟಿದೆ, ಥಂಡಿ,
ಅದಕ್ಕೇ ಜೊತೆಗೆ ಕರೆತಂದೆ.
ಇಪ್ಪತ್ತೊಂದು ತುಂಬಿದಾಗ ಅವಳಪ್ಪ ಕೊಟ್ಟ ಉಡುಗೊರೆ:
ಬಾಯೊಳಗಿನ ಹಲ್ಲನ್ನೆಲ್ಲ ಕೀಳಿಸಿದ್ದು.
ಕೊಳೆತದ್ದು ಆರು.
ಮಿಕ್ಕವು, ಮುಂದೆಂದೋ ಕೊಳೆಯಬಹುದಾದವು.
ಕಟ್ಟಿಕೊಳ್ಳುವ ಗಂಡನಿಗೆ ಖರ್ಚು ಉಳಿಯಲಿ ಅಂತ.
ಹಡಗುಕಟ್ಟೆಯ ಬೀದಿಯಲ್ಲಿ ಆಗ ಅದಕ್ಕೆ ಅಕ್ಕರೆಯೆಂದೇ ಹೆಸರು.
ನೆರೆಯವರು ಕೇಕು ತಂದಿದ್ದರಂತೆ,
ಇವಳು ರಕ್ತದ ಕರವಸ್ತ್ರ ಕಚ್ಚಿಕೊಂಡೇ
ಥ್ಯಾಂಕ್ಸ್ ಅಂದಳಂತೆ.

"ನನಗೂ ಒಂದು ಗುಳಿಗೆ ಕೊಡು."
"ನಿನಗ್ಯಾಕಜ್ಜೀ" ಅನ್ನುವಷ್ಟರಲ್ಲಿ
ನಾಲ್ಕು ವರ್ಷದ ಸ್ಟ್ರೂವನ್ ತನ್ನದನ್ನೇ ಅರ್ಧ ಮುರಿದು ಕೊಟ್ಟಿದ್ದ.
ನಿಯಮದ ಪ್ರಕಾರ ತಪ್ಪು. ನಾನು ನೋಡಲಿಲ್ಲ.

ಜಗಿದಳು. ಕನ್ನಡಿ ಹಿಡಿದೆ.
ಕಟ್ಟಿಸಿದ ಹಲ್ಲಿನ ಬುಡದುದ್ದಕ್ಕೂ,
ಗುಲಾಬಿ ಬಣ್ಣದ ಸುಳ್ಳು ವಸಡಿನ ಅಂಚಿಗೆಲ್ಲ
ನೇರಳೆ, ಮಕ್ಕಳದಕ್ಕಿಂತ ಗಾಢ.
"ಸೆಂಗಾಗೂ ಪಾಚಿ! ಸೆಂಗಾಗೂ ಪಾಚಿ!"
ಕೋಣೆಯೆಲ್ಲ ಕೇಕೆ.

ನೊಂದುಕೊಂಡಳೇನೋ ಅಂದುಕೊಂಡೆ.
ಅವಳು ಬಹಳ ಹೊತ್ತು ಕನ್ನಡಿ ನೋಡಿ
ನಾಲಿಗೆಯಿಂದ ಮುಂದಿನ ಹಲ್ಲು ತಡವಿದಳು.
"ಅರವತ್ತೆರಡು ವರ್ಷ ಗ್ಲಾಸಿನ ನೀರಲ್ಲಿ ಇಟ್ಟುಕೊಂಡು ಬಂದೆ
ಯಾರದೋ ಸಾಮಾನು ಜೋಪಾನ ಮಾಡುವ ಹಾಗೆ.
ಕೊಳೆಯೂ ಆಗುತ್ತವಾ ಇವು?"
ದನಿಯಲ್ಲಿ ಇದ್ದದ್ದು, ಆಣೆಗೂ, ಸಂತೋಷ.

ಗುರುತಿಲ್ಲದ ಬ್ರಶ್ಶು ಒಂದು ಉಳಿದಿತ್ತು.
ತಿಮಿಂಗಿಲ ಅಂಟಿಸಿಕೊಟ್ಟ ಸ್ಟ್ರೂವನ್.
ಮೊಣಕಾಲೆತ್ತರದ ಸಿಂಕಿನ ಮುಂದೆ ಬಗ್ಗಿ
ಹಲ್ಲಿನ ಸೆಟ್ಟನ್ನು ಅಂಗೈಗೆ ತೆಗೆದುಕೊಂಡಳು.
ಅದಕ್ಕೆ ಪೇಸ್ಟಲ್ಲ ಅಜ್ಜಿ, ಸೋಪು, ಅಂದೆ.
ಆಮೇಲೆ ಬರಿ ವಸಡಿಗೆ, ಮೆತ್ತಗೆ, ಸಣ್ಣ ಸಣ್ಣ ಸುತ್ತು.
ಅಕ್ಕಪಕ್ಕ ನಿಂತ ನೇರಳೆ ಬಾಯಿಗಳು ಹೇಳಿಕೊಟ್ಟವು:
ಇಲ್ಲಿ ಸೆಂಗಾ, ಇನ್ನೂ ಹಿಂದೆ, ಅಲ್ಲೇ ಅದು ಕೂತಿರೋದು.

ಉಗುಳಿದಳು.
ಮುಕ್ಕಳಿಸಲಿಲ್ಲ.