ನಾಲ್ಕು, ಆಮೇಲೆ ಎಂಟು

ಅವೇಯ್ರು ಊರು, ಮಂಗಳವಾರ, ಮಧ್ಯಾಹ್ನ ಮೂರು.
ಕಿಟಕಿಯಾಚೆ ಉಪ್ಪಿನ ಮಡಿಗಳ ಮೇಲೆ ಬಿಸಿಲು
ಒಣಹಾಕಿದಂತೆ ಬಿದ್ದಿದೆ.
ಪ್ರೊಫೆಸರ್ ಗ್ರಸಿಯೆತ್ ಉದ್ದ ಮೇಜಿಗೆ ಹಾಳೆ ಹಾಸಿ ಅಂದರು:
ಇದು ಆಟ. ಯಾರೂ ಮಾತಾಡಕೂಡದು, ಅಷ್ಟೇ ನಿಯಮ.

ತೆಲ್ಮು ಅಂಗಡಿ. ನಾನು ಸಗಟು.
ನನ್ನ ಎಡಕ್ಕೆ ನೊಎಮಿಯಾ, ವಿತರಕಿ.
ಕೊನೆಯ ಕುರ್ಚಿಯಲ್ಲಿ ಜುಲ್ಮೀರಾ, ಕಾರ್ಖಾನೆ.
ಸರಕು ಟೈಲ್ಸ್ ಪೆಟ್ಟಿಗೆ.
ಬೇರೆ ಊರುಗಳಲ್ಲಿ ಬಿಯರ್ ಹೆಸರಲ್ಲಿ ಆಡುತ್ತಾರಂತೆ;
ಈ ಊರಿಗೆ ಮಣ್ಣು, ಹೊಳಪು, ಗೂಡಿನ ಬೆಂಕಿ ಅಂದರೇ ಲೆಕ್ಕ ತಿಳಿಯುವುದು.
ಚೀಟಿ ಬರೆದು ಮಗುಚಿ ಎಡಕ್ಕೆ ತಳ್ಳಬೇಕು.
ಕೇಳಿದ್ದು ಕೈಸೇರಲು ನಾಲ್ಕು ವಾರ.
ವಾರವೆಂದರೆ ಎರಡು ನಿಮಿಷ.

ನಾಲ್ಕು. ನಾಲ್ಕು. ನಾಲ್ಕು.
ಆಕಳಿಕೆ.
ನಂತರ ತೆಲ್ಮುವಿನ ಚೀಟಿಯಲ್ಲಿ ಒಂಬತ್ತು.
ನನ್ನ ಕಪಾಟು ಬರಿದಾಗುವ ಸದ್ದು ನನಗೇ ಕೇಳಿಸಿತು.
ಹನ್ನೆರಡು ಬರೆದೆ. ಬರಲಿಲ್ಲ. ಇಪ್ಪತ್ತು ಬರೆದೆ.
ಬರಲಿಲ್ಲ. ನಲವತ್ತು.
ಇರಲಿ, ಅಂತ.
ಈ ಮೂರಕ್ಷರಕ್ಕೆ ನಮ್ಮ ಪುಸ್ತಕದಲ್ಲಿ
ಸುರಕ್ಷಾ ದಾಸ್ತಾನು ಎಂಬ ಹೆಸರಿದೆ,
ವರ್ಗಮೂಲ ಸಮೇತ ಒಂದು ಸೂತ್ರವಿದೆ.
ಹೆದರಿಕೆಗೆ ಆ ಸೂತ್ರದಲ್ಲಿ ಅಕ್ಷರವಿಲ್ಲ.

ನೊಎಮಿಯಾ ನನ್ನ ಇರಲಿಗೆ ತನ್ನದೊಂದು ಇರಲಿ ಕೂಡಿಸಿದಳು.
ಆ ತುದಿಯಲ್ಲಿ ಜುಲ್ಮೀರಾ
ಪೆನ್ಸಿಲ್ ಕಚ್ಚುತ್ತ ಗೂಡಿನ ಮೇಲೆ ಗೂಡು ಹೊತ್ತಿಸುತ್ತಿದ್ದಳು.

ಹದಿನೆಂಟನೇ ವಾರ ಕೇಳಿದ್ದೆಲ್ಲ ಒಟ್ಟಿಗೇ ಬಂತು.
ಇಡಲು ಜಾಗವಿಲ್ಲ.
ಸೊನ್ನೆ ಬರೆದೆ.
ಸೊನ್ನೆ ಬರೆಯುವುದು ಎಷ್ಟು ಸುಲಭ,
ಪೆನ್ನು ಒಂದು ಸುತ್ತು ತಿರುಗಿದರೆ ಮುಗಿಯಿತು.
ಮತ್ತೆ ಸೊನ್ನೆ. ಏಳು ವಾರ ಸೊನ್ನೆ.

ಗಂಟೆ ಹೊಡೆದಾಗ ಪ್ರೊಫೆಸರ್ ಗಿರಾಕಿಯ ಕಾರ್ಡುಗಳನ್ನು ತಿರುವಿ ಹಾಕಿದರು.
ನಾಲ್ಕು, ನಾಲ್ಕು, ನಾಲ್ಕು, ನಾಲ್ಕು,
ಆಮೇಲೆ ಎಂಟು. ಕೊನೆಯ ತನಕ ಎಂಟೇ.
ಪುಣ್ಯಾತ್ಮ ಒಂದೇ ಸಲ ಮನಸ್ಸು ಬದಲಿಸಿದ್ದ.
ಕ್ಲಾಸು ಬಿದ್ದು ಬಿದ್ದು ನಕ್ಕಿತು.
ಕಡ್ಡಿ ಗುಡ್ಡವಾಗುವ ಈ ಬಗೆಗೆ ಚಾವಟಿ ಎನ್ನುತ್ತಾರೆ, ಅಂದರು ಪ್ರೊಫೆಸರ್,
ಹಿಡಿಯ ಬಳಿ ಮಣಿಕಟ್ಟು ಇಷ್ಟೇ ಅಲುಗುತ್ತದೆ,
ತುದಿ ಗಾಳಿಯನ್ನೇ ಸೀಳುತ್ತದೆ. ಬರೆದುಕೊಳ್ಳಿ.
ಬರೆದುಕೊಂಡೆವು.

ಜುಲ್ಮೀರಾ ಬರೆದುಕೊಳ್ಳಲಿಲ್ಲ.
ಇಲ್ಯಾವುನಲ್ಲಿ ಅಪ್ಪ ಗೂಡು ಕಾಯುತ್ತಿದ್ದ, ಅಂದಳು,
ಯಾರನ್ನೂ ನೋಡದೆ.
ಒಂದು ಚಳಿಗಾಲ ಮೂರು ಪಾಳಿ, ಭಾನುವಾರವೂ.
ಹೊಸ ಫ್ರಿಜ್ ಬಂತು.
ಮುಂದಿನ ಚಳಿಗಾಲ ಬೆಂಕಿ ಆರಿಸಿದರು.
ಅಷ್ಟು ದೊಡ್ಡ ಗೂಡು ತಣ್ಣಗಾಗಲು ಮೂರು ದಿನ ಬೇಕು;
ಮೂರೂ ದಿನ ಹೋಗಿ ಗೋಡೆಗೆ ಅಂಗೈ ಒತ್ತಿ ಬರುತ್ತಿದ್ದ.
ಅಪ್ಪ ಮೇಸ್ತ್ರಿಯನ್ನು ಬೈದ, ಮೇಸ್ತ್ರಿ ಪೋರ್ತುವಿನ ಆಫೀಸನ್ನು,
ಆಫೀಸು ಸ್ಪೇನಿನವರನ್ನು.
ಹನ್ನೊಂದು ವರ್ಷ ನಮ್ಮನೆ ಊಟದ ಮೇಜಿನಲ್ಲಿ
ಆ ಪಾಪಿಗೊಂದು ತಟ್ಟೆ ಹಾಕಿಟ್ಟಿದ್ದೆವು.
ಈಗ ನೋಡಿದರೆ ಯಾರೂ ಇಲ್ಲ.
ಮೆಟ್ರಿಕ್ ಪಾಸಾದ ಯಾವನೋ ಒಬ್ಬ
ಗಾಬರಿಯಲ್ಲಿ ಒಂದು ಸುತ್ತು ಗೀಚಿದ್ದಾನೆ.

ಪ್ರೊಫೆಸರ್ ಸೀಮೆಸುಣ್ಣ ಕೆಳಗಿಟ್ಟರು.
ಆಟ ಮುಗಿದಿತ್ತು, ಮಾತಾಡಬಹುದಿತ್ತು.
ಚೀಟಿ ಒಟ್ಟುಮಾಡುವ ಕೆಲಸ ನನಗೆ ಬಿತ್ತು.
ನನ್ನ ಸೊನ್ನೆಗಳು ಗುಂಡಗೆ, ಅಚ್ಚುಕಟ್ಟಾಗಿದ್ದವು.

ಬಸ್ ಸ್ಟಾಪಿನಲ್ಲಿ ಕೇಳಿದೆ: ಈಗ ಏನು ಮಾಡುತ್ತಾರೆ?
ಸೈಕಲ್ ರಿಪೇರಿ, ಅಂದಳು,
ಕಿತ್ತಳೆ ಸುಲಿದು ಅರ್ಧ ನನ್ನ ಕಡೆ ಚಾಚುತ್ತ.
ಅಂಗಡಿ ತುಂಬ ಚೈನು, ಚೈನು.
ಈ ಊರಲ್ಲಿ ಅಷ್ಟು ಸೈಕಲ್ಲೇ ಇಲ್ಲ.